ಕೆಸರಣ್ಣನೂ ಎರಡನೇ ಗೇಟಿನ ಭಾವನೂ

ನನ್ನ ಅಕ್ಕನ ಗಂಡ ಅನುಮಾನದ ಮನುಷ್ಯ. ಇದು ಬೆನ್ನ ಹಿಂದೆ ಆಡುವ ಮಾತಲ್ಲ, ಅವರ ಮುಖಕ್ಕೇ ಎಷ್ಟೋ ಸಲ ಹೇಳಿದ್ದೇನೆ. ತರಕಾರಿಯವನು ಪ್ರೀತಿಯಿಂದ ಒಂದು ಟೊಮೆಟೊ ಹೆಚ್ಚಿಗೆ ಹಾಕಿದರೆ, "ಇವನ್ಯಾಕೆ ಹಾಕಿದ? ಅಡಿಯಲ್ಲಿ ಕೊಳೆತದ್ದು ಇರಬೇಕು" ಅಂತ ಚೀಲವನ್ನೇ ಬೋರಲು ಹಾಕಿ ನೋಡುವವರು ಅವರು. ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ಮತ್ತೆ ಹತ್ತಿ ಹೋಗಿ ಇನ್ನೊಮ್ಮೆ ಜಗ್ಗುತ್ತಾರೆ. ಮದುವೆಯಾದ ಹೊಸದರಲ್ಲಿ ಅಕ್ಕ ಇದನ್ನೆಲ್ಲ ನೋಡಿ ಹೆದರಿದ್ದಳು. ಆಮೇಲೆ ಒಗ್ಗಿಹೋಯಿತು. "ಬೀಗದ ಮೇಲೆ ಅನುಮಾನ ಪಟ್ಟುಕೊಳ್ಳಲಿ ಬಿಡೇ, ನನ್ನ ಮೇಲೆ ಪಡಲ್ಲವಲ್ಲ" ಅಂತಿದ್ದಳು.

ಅವರ ಕೆಲಸವೂ ಸ್ವಭಾವಕ್ಕೆ ತಕ್ಕದ್ದೇ. ಊರಿನ ಫುಟ್‌ಬಾಲ್ ಕ್ಲಬ್ಬಿನ ಮೈದಾನದಲ್ಲಿ ಎರಡನೇ ಗೇಟು ಕಾಯುವುದು. ಟಿಕೆಟನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ನೀರಿನ ಬಾಟಲಿಯ ಮುಚ್ಚಳ ತೆಗೆದು ಮೂಸುತ್ತಾರೆ. ಒಮ್ಮೆ ಕ್ಲಬ್ಬಿನ ಅಧ್ಯಕ್ಷರ ಕೋಟಿನ ಜೇಬನ್ನೇ ತಡವಿ ದೊಡ್ಡ ರಾದ್ಧಾಂತವಾಗಿತ್ತು. ಊರಲ್ಲಿ ಅವರ ನಿಜವಾದ ಹೆಸರು ಯಾರಿಗೂ ಬೇಕಿಲ್ಲ, ಎಲ್ಲರಿಗೂ ಅವರು "ಎರಡನೇ ಗೇಟು". ಆ ಗೇಟಿನ ಒಳಗೆ ಗೋಡೆಗೆ ಒರಗಿಕೊಂಡಿರುವ ಟೀ ಕೌಂಟರು ನನ್ನದು. ಹಾಗಾಗಿ ಮನೆಯಲ್ಲಿ ಭಾವ, ಕೆಲಸದಲ್ಲೂ ಭಾವ. ಎರಡು ಕಡೆಯೂ ಅವರ ಕಣ್ಣು ನನ್ನ ಮೇಲೆ. ಸಕ್ಕರೆ ಡಬ್ಬ ಎಲ್ಲಿಟ್ಟೆ, ಹಾಲು ಯಾವಾಗಿನದು, ಆ ಗಿರಾಕಿ ಯಾಕೆ ಅಷ್ಟು ಹೊತ್ತು ನಿಂತಿದ್ದ. ನನಗೂ ಬಾಯಿ ಸುಮ್ಮನಿರುವುದಿಲ್ಲ. "ನೀವೇ ಬಂದು ಟೀ ಕಾಯಿಸಿ ಭಾವ, ನಾನು ಗೇಟಲ್ಲಿ ನಿಂತ್ಕೋತೀನಿ" ಅಂದರೆ ಗಪ್‌ಚಿಪ್ ಹೋಗುತ್ತಾರೆ.

ಇಷ್ಟು ಅನುಮಾನಕ್ಕೆ ಒಂದು ಬೇರಿತ್ತು. ಭಾವ ಜೌಗಿನವರು.

ನಮ್ಮ ಊರು ಮುಗಿದ ಮೇಲೆ ನದಿ ಹರಡಿಕೊಂಡು ನೆಲವೆಲ್ಲ ಜೌಗಾಗುತ್ತದೆ. ಅಲ್ಲಿ ಜೊಂಡು ಕೊಯ್ದು, ಏಡಿ ಹಿಡಿದು ಬದುಕುವ ಜನವೇ ಜೌಗಿನವರು. ಅವರದೇ ಭಾಷೆ, ಅವರದೇ ಪಾಡು. ಊರಿನವರು ಅವರಿಗೆ ಇಟ್ಟಿದ್ದ ಹೆಸರು ಬೇರೆ: ಕೆಸರುಗಾಲು. ಈಗಿನ ಮಕ್ಕಳಿಗೆ ಅದು ತಮಾಷೆಯಾಗಿ ಕೇಳಿಸಬಹುದು. ಭಾವ ಚಿಕ್ಕವರಿದ್ದಾಗ ಅದು ಬೈಗುಳವೇ ಆಗಿತ್ತು. ಕೆಸರುಗಾಲು ಅಂತ ಗೊತ್ತಾದರೆ ಬಾಡಿಗೆ ಕೋಣೆ ಸಿಗುತ್ತಿರಲಿಲ್ಲ, ಹೋಟೆಲಿನಲ್ಲಿ ಹೊರಗಿನ ಬೆಂಚೇ ಗತಿ. ಭಾವ ಊರಿಗೆ ಬಂದವರು ಮೊದಲು ಭಾಷೆ ಬಿಟ್ಟರು, ಆಮೇಲೆ ಹೆಸರು ಬಿಟ್ಟರು, ಹುಟ್ಟಿದ್ದು ಎಲ್ಲಿ ಅಂತ ಕೇಳಿದರೆ ಯಾವುದೋ ದೂರದ ಪೇಟೆಯ ಹೆಸರು ಹೇಳಿದರು. ಮದುವೆಗೆ ಮುಂಚೆ ಅಕ್ಕನಿಗೆ ಮಾತ್ರ ನಿಜ ಹೇಳಿದ್ದರು. ಅಕ್ಕ ನಮ್ಮ ಮನೆಯಲ್ಲಿ ಹೇಳಿದಳು. "ಹೊರಗೆ ತುಟಿ ಬಿಚ್ಚಿದರೆ ನೋಡು" ಅಂತ ಅಮ್ಮ ನನಗೆ ಕಣ್ಣು ಬಿಟ್ಟಿದ್ದಳು. ನಾನು ಬಿಚ್ಚಲಿಲ್ಲ. ನನ್ನ ಬಾಯಿ ದೊಡ್ಡದು ನಿಜ, ಆದರೆ ಅದಕ್ಕೂ ಒಂದು ಚಿಲಕ ಇದೆ.

ವಿಚಿತ್ರ ನೋಡಿ, ಇಂಥ ಮನುಷ್ಯನಿಗೆ ಅನ್ನ ಕೊಟ್ಟ ಕ್ಲಬ್ಬಿನ ಹೆಸರೂ ಕೆಸರುಗಾಲು. ಅಂಗಿಯ ಮೇಲೆ ಅದೇ, ಬಾವುಟದ ಮೇಲೆ ಅದೇ. ಜೊತೆಗೆ ಒಂದು ಗೊಂಬೆ ವೇಷ, ಕೆಸರಣ್ಣ. ಸ್ಪಂಜಿನ ದೊಡ್ಡ ತಲೆ, ಜೊಂಡಿನ ಟೋಪಿ, ಮೊರದಷ್ಟು ಅಗಲದ ಪಾದ. ಆಟದ ಮಧ್ಯದ ಬಿಡುವಿನಲ್ಲಿ ಅದು ಮೈದಾನದ ಸುತ್ತ ನಡೆಯುತ್ತದೆ. ಮಂಡಿಯನ್ನು ಹೊಟ್ಟೆಯವರೆಗೆ ಎತ್ತುತ್ತದೆ, ಕೆಸರಿನಿಂದ ಕಿತ್ತ ಹಾಗೆ ಪಾದವನ್ನು ಮೇಲಕ್ಕೆಳೆದು, ಒಂದು ಕ್ಷಣ ತಡೆದು, ನೆಟ್ಟಗೆ ಕೆಳಗಿಳಿಸುತ್ತದೆ. ಒಂದೊಂದು ಹೆಜ್ಜೆಗೂ ಗ್ಯಾಲರಿ "ಪಚಕ್" ಅಂತ ಕೂಗಿ ಬಿದ್ದು ಬಿದ್ದು ನಗುತ್ತದೆ. ಭಾವನೂ ಗೇಟಿನ ಕಂಬಕ್ಕೆ ಕೈಯೂರಿ ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ತೋರಿಕೆಗೆ ನಗುತ್ತಾರೋ ನಿಜಕ್ಕೂ ನಗುತ್ತಾರೋ ಅಂತ ನಾನು ಕೌಂಟರಿನಿಂದ ಕದ್ದು ನೋಡಿದ್ದೇನೆ. ನಿಜಕ್ಕೂ ನಗುತ್ತಿದ್ದರು.

ಹೋದ ವರ್ಷ ಜೌಗಿನ ಕಡೆಯ ಒಬ್ಬ ಹುಡುಗಿ ನಮ್ಮ ಊರಿನ ಕಾಲೇಜಿಗೆ ಲೆಕ್ಚರರ್ ಆಗಿ ಬಂದಳು. ಬಂದ ಸ್ವಲ್ಪ ದಿನಕ್ಕೇ ಕ್ಲಬ್ಬಿಗೆ ಹೋಗಿ, ಈ ಹೆಸರು ನಮ್ಮ ಜನಕ್ಕೆ ಅವಮಾನ, ಗೊಂಬೆ ಅದಕ್ಕಿಂತ ದೊಡ್ಡ ಅವಮಾನ, ಎರಡನ್ನೂ ತೆಗೆಯಿರಿ ಅಂದಳು. ಊರಿಗೆ ಊರೇ ಎದ್ದು ಕೂತಿತು.

ನನ್ನ ಕೌಂಟರಿನ ಮುಂದೆ ಟೀ ಆರುತ್ತಿತ್ತು, ವಾದ ಆರುತ್ತಿರಲಿಲ್ಲ. ಹಳೆಯ ಆಟಗಾರರೊಬ್ಬರು, ಮಂಡಿ ನೋವಿನ ಮುದುಕರು, ಎದೆ ಬಡಿದುಕೊಂಡು ಹೇಳಿದರು: "ಈ ಅಂಗಿ ಹಾಕ್ಕೊಂಡು ಹಲ್ಲು ಮುರಿಸ್ಕೊಂಡಿದ್ದೀನಿ ನಾನು. ಅವಮಾನ ಮಾಡೋಕೆ ಯಾರಾದ್ರೂ ಹಲ್ಲು ಮುರಿಸ್ಕೋತಾರಾ? ಇದು ಗೌರವ ಕಣ್ರೀ." ಇನ್ನೊಬ್ಬ, "ಮೊದಲು ಮೈದಾನದ ತುಂಬ ಕೆಸರಿತ್ತು, ಅದಕ್ಕೆ ಈ ಹೆಸರು, ಅವರಿಗೂ ಇದಕ್ಕೂ ಸಂಬಂಧಾನೇ ಇಲ್ಲ" ಅಂದ. ಹಾಗಾದರೆ ಗೊಂಬೆಗೆ ಜೊಂಡಿನ ಟೋಪಿ ಯಾಕೆ ಅಂತ ನಾನು ಕೇಳಿದೆ. ಅವನಿಗೆ ಬಸ್ಸು ನೆನಪಾಯಿತು. ಮತ್ತೊಬ್ಬ ಸಿಡುಕಿದ: "ಅಷ್ಟು ಗೌರವ ಇದ್ರೆ ನಿಮ್ಮಪ್ಪನ ಹೆಸರಲ್ಲಿ ಒಂದು ಗೊಂಬೆ ಮಾಡಿ ಕುಣಿಸಿ, ನೋಡೋಣ." ಅಲ್ಲಿಗೆ ಗ್ಲಾಸು ಒಡೆಯಿತು. ಗ್ಲಾಸಿನ ದುಡ್ಡು ಯಾರೂ ಕೊಡಲಿಲ್ಲ.

ಇಷ್ಟೆಲ್ಲ ನಡೆಯುವಾಗ ಭಾವ ಏನೂ ಕೇಳಿಸದವರ ಹಾಗೆ ಗೇಟಿನ ಕೀಲಿಗೆ ಎಣ್ಣೆ ಬಿಡುತ್ತಿದ್ದರು. ಯಾರಾದರೂ "ಏನಂತೀರಿ ಎರಡನೇ ಗೇಟು?" ಅಂದರೆ, "ನನಗ್ಯಾಕಪ್ಪಾ ಊರ ಉಸಾಬರಿ" ಅಂತಿದ್ದರು. ಆದರೆ ಆ ಹುಡುಗಿ ರಸ್ತೆಯಲ್ಲಿ ಎದುರಾದರೆ ಪಕ್ಕದ ಅಂಗಡಿಗೆ ನುಗ್ಗುತ್ತಿದ್ದರು. ತನ್ನನ್ನು ಗುರುತು ಹಿಡಿದು ಜೌಗಿನ ಭಾಷೆಯಲ್ಲಿ ಮಾತಾಡಿಸಿಬಿಟ್ಟರೆ ಅನ್ನುವ ಭಯ.

ಒಂದು ಬೆಳಿಗ್ಗೆ ಕ್ಲಬ್ಬಿನ ಮ್ಯಾನೇಜರು ಗೇಟಿಗೆ ಬಂದರು. ನಾನು ಗ್ಲಾಸು ತೊಳೆಯುತ್ತಿದ್ದೆ, ಪ್ರತಿ ಮಾತೂ ಕಿವಿಗೆ ಬಿತ್ತು.

"ಭಾನುವಾರ ಸಭೆ ಇದೆ. ಹೆಸರಿನ ವಿಷಯ. ನೀವು ಬನ್ನಿ."

"ನಾನ್ಯಾಕೆ ಸಾರ್? ಗೇಟು ಕಾಯೋನು."

"ಆ ಲೆಕ್ಚರರಮ್ಮ ಒಬ್ಬರೇ ಮಾತಾಡಿದ್ರೆ ಹೇಗೆ? ನಿಮ್ಮವರ ಪರವಾಗಿ ನೀವೂ ಎರಡು ಮಾತು ಹೇಳಿ. ನಮಗೇನೂ ಬೇಜಾರಿಲ್ಲ, ಇಷ್ಟು ವರ್ಷ ಇಲ್ಲೇ ಸುಖವಾಗಿದ್ದೀವಿ ಅಂತ. ಅಷ್ಟು ಸಾಕು."

ಮ್ಯಾನೇಜರು ಹೋದರು. ಭಾವ ಎಣ್ಣೆ ಡಬ್ಬಿ ಹಿಡಿದುಕೊಂಡೇ ನಿಂತಿದ್ದರು, ಎಣ್ಣೆ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ ನೋಡಿದರು. ಆ ನೋಟ ನಾನು ಸಾಯುವ ತನಕ ಮರೆಯುವುದಿಲ್ಲ.

"ನಿಮ್ಮವರು ಅಂದ್ರಲ್ಲ. ಅವರಿಗೆ ಯಾರು ಹೇಳಿದ್ದು?"

"ನನ್ನ ಮುಖ ಯಾಕೆ ನೋಡ್ತೀರಿ ಭಾವ? ನಾನಲ್ಲ."

"ಇಲ್ಲಿ ದಿನಾ ನೂರು ಜನದ ಹತ್ತಿರ ಮಾತಾಡೋಳು ನೀನೇ ತಾನೆ."

ನನಗೆ ಮೈ ಉರಿದುಹೋಯಿತು. ಆ ದಿನ ಅವರಿಗೆ ಟೀ ಕೊಡಲಿಲ್ಲ. ಅವರೂ ಕೇಳಲಿಲ್ಲ. ಹೆಸರು ಅವಮಾನವೋ ಗೌರವವೋ ಅಂತ ಊರು ತಲೆ ಚಚ್ಚಿಕೊಳ್ಳುತ್ತಿದ್ದರೆ ಭಾವನಿಗೆ ಒಂದೇ ಪ್ರಶ್ನೆ: ನನ್ನ ಗುಟ್ಟು ಬಿಟ್ಟವರು ಯಾರು? ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಬದುಕಿಡೀ ಈ ಊರಿನವನು ಅನ್ನಿಸಿಕೊಳ್ಳುವುದಕ್ಕೇ ಮೈಯೆಲ್ಲ ಕಣ್ಣಾಗಿ ಬದುಕಿದವರು. ಆ ಒಂದು ಮಾತಿನಿಂದ ಅದೆಲ್ಲ ನೀರಲ್ಲಿ ಹೋಮವಾಯಿತೇ ಅಂತ ಅವರ ಭಯ. ಅರ್ಥವಾದರೂ ಸಿಟ್ಟು ಹೋಗಲಿಲ್ಲ.

ಕಳ್ಳನನ್ನು ಹಿಡಿಯಲು ಅವರು ಒಂದು ಉಪಾಯ ಮಾಡಿದರು. ನನ್ನ ಹತ್ತಿರ ಬಂದು, ಬೆನ್ನಿಗೆ ಆಪರೇಷನ್ ಆಗಬೇಕಂತೆ, ಯಾರಿಗೂ ಹೇಳಬೇಡ ಅಂದರು. ಕ್ಷೌರದವನಿಗೆ ಸ್ಕೂಟರ್ ಮಾರುತ್ತಿದ್ದೇನೆ ಅಂದರು. ಕೆಸರಣ್ಣನ ವೇಷ ಹಾಕುವ ನಲ್ಲಿ ರಿಪೇರಿಯವನಿಗೆ, ಈ ಗೇಟಿನ ಕೆಲಸವನ್ನೇ ಬಿಡುತ್ತೇನೆ ಅಂದರು. ಯಾವ ಸುಳ್ಳು ಮ್ಯಾನೇಜರ ಕಿವಿಗೆ ಮುಟ್ಟುತ್ತದೋ ಅದನ್ನು ಕೇಳಿದವರೇ ಗುಟ್ಟು ಬಿಟ್ಟವರು, ಇದು ಲೆಕ್ಕ. ಮ್ಯಾನೇಜರ ಕಿವಿಗೆ ಒಂದೂ ಮುಟ್ಟಲಿಲ್ಲ. ಮೂರೂ ಮಾರನೇ ಸಂಜೆಯೊಳಗೆ ಅಕ್ಕನ ಕಿವಿಗೆ ಮುಟ್ಟಿದವು. ಬೆನ್ನಿನ ವಿಷಯ ನಾನೇ ಹೇಳಿದ್ದೆ. ಆಪರೇಷನ್ ಅಂದರೆ ಹೆಂಡತಿಗೆ ಹೇಳದೆ ಇರುವುದು ಹೇಗೆ?

ಅಕ್ಕ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ತಡೆದಳು. "ಬೆನ್ನು ಕೊಯ್ಸಿಕೊಂಡು, ಸ್ಕೂಟರ್ ಮಾರಿ, ಕೆಲಸ ಬಿಟ್ಟು ಎಲ್ಲಿಗೆ ಹೊರಟಿದ್ದೀರಿ ಸ್ವಾಮಿ?"

ನಾನು ನಕ್ಕುಬಿಟ್ಟೆ. ಭಾವ ನಗಲಿಲ್ಲ. ಅವರ ತಲೆಯೊಳಗೆ ಬೇರೆಯೇ ಚಕ್ರ ತಿರುಗುತ್ತಿತ್ತು. ಊರಿನ ಮಾತೆಲ್ಲ ಇವಳ ಹತ್ತಿರ ಬರುತ್ತದೆ ಅಂದಮೇಲೆ, ಇವಳಿಂದಲೇ ಊರಿಗೂ ಹೋಗುತ್ತದೆ. ಬಾಯಿ ಬಿಟ್ಟು ಹೀಗೇ ಅಂದರು. ಅಕ್ಕನ ಕೈ ಸೊಂಟದಿಂದ ಜಾರಿತು. ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಭಾವ ತಮ್ಮ ದಿಂಬನ್ನು ಹಜಾರದ ಬೆಂಚಿಗೆ ತಂದು ಹಾಕಿಕೊಂಡರು.

ಅಕ್ಕ ಆಮೇಲೆ ನನ್ನ ಹತ್ತಿರ ಅಂದದ್ದು ಇಷ್ಟು. "ಕೊನೆಗೂ ಬೀಗದ ಸಾಲಿಗೆ ನನ್ನನ್ನೂ ಸೇರಿಸಿದ್ರು ನೋಡು."

ಇನ್ನು ಸುಮ್ಮನಿರುವುದು ನನ್ನಿಂದಾಗಲಿಲ್ಲ. ಶನಿವಾರ ಆಟವಿತ್ತು. ಗೇಟು ತೆರೆಯುವ ಮೊದಲೇ ಭಾವನ ತೋಳು ಹಿಡಿದೆಳೆದೆ. "ಬನ್ನಿ, ಒಬ್ಬೊಬ್ಬರನ್ನೇ ಮುಖ ಕೊಟ್ಟು ಕೇಳಿಬಿಡೋಣ. ಕಂಡವರ ಮೇಲೆಲ್ಲ ಗೂಬೆ ಕೂರಿಸೋದು ಬೇಡ." ಮೊದಲು ಸಿಕ್ಕಿದವನೇ ನಲ್ಲಿಯವನು. ಗ್ಯಾಲರಿಯ ಕೆಳಗಿನ ಸಾಮಾನು ಕೋಣೆಯಲ್ಲಿ, ಗೆರೆ ಹಾಕುವ ಸುಣ್ಣದ ಚೀಲಗಳ ಮಧ್ಯೆ ಸ್ಟೂಲಿನ ಮೇಲೆ ಕೂತು ಕೆಸರಣ್ಣನ ಪಾದಗಳಿಗೆ ಬಕಲ್ ಹಾಕಿಕೊಳ್ಳುತ್ತಿದ್ದ. ಸ್ಪಂಜಿನ ತಲೆ ಗೋಡೆಯ ಮೊಳೆಗೆ ನೇತಾಡುತ್ತಿತ್ತು.

"ನಾನು ಜೌಗಿನವನು ಅಂತ ಮ್ಯಾನೇಜರಿಗೆ ಹೇಳಿದ್ದು ನೀನಾ?" ಭಾವ ನೇರವಾಗಿ ಕೇಳಿದರು.

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅದನ್ನ ಯಾರಾದ್ರೂ ಹೇಳ್ಬೇಕಾ ಅಣ್ಣಾ? ಎಲ್ಲರಿಗೂ ಗೊತ್ತಲ್ಲ."

"ಎಲ್ಲರಿಗೂ ಅಂದ್ರೆ? ಹೇಗೆ?"

"ನೀವು ನಡೆಯೋದು ನೋಡಿದ್ರೆ ಗೊತ್ತಾಗುತ್ತಲ್ಲ ಅಣ್ಣಾ." ಅವನ ದನಿಯಲ್ಲಿ ಕುಹಕ ಎಳ್ಳಷ್ಟೂ ಇರಲಿಲ್ಲ, ಅದೇ ನನಗೆ ಭಯವಾದದ್ದು. "ನಾನು ವೇಷಕ್ಕೆ ಸೇರಿದ ದಿನ ಹಳಬ ನನಗೆ ಹೇಳಿಕೊಟ್ಟಿದ್ದೇ ಅದು. ಹೋಗು, ಎರಡನೇ ಗೇಟಲ್ಲಿ ನಿಂತು ಅವರು ಹೇಗೆ ಕಾಲೆತ್ತಿ ಇಡ್ತಾರೆ ನೋಡ್ಕೊಂಡು ಬಾ ಅಂತ. ಅವನಿಗೂ ಅವನ ಹಿಂದಿನವನು ಹೀಗೇ ಹೇಳಿದ್ನಂತೆ. ನಾನು ಸ್ವಲ್ಪ ಜಾಸ್ತಿ ಮಾಡ್ತೀನಿ, ಅಷ್ಟೆ. ದೂರದವರಿಗೂ ಕಾಣಬೇಕಲ್ಲ."

ನಾನು ಭಾವನ ಪಾದ ನೋಡಿದೆ. ಇಷ್ಟು ವರ್ಷ ನೋಡಿದ ಪಾದ. ಜೌಗಿನಲ್ಲಿ ನಡೆ ಕಲಿತವರು ಕಾಲನ್ನು ಮುಂದಕ್ಕೆ ಎಳೆಯುವುದಿಲ್ಲ, ಮೊದಲು ಮೇಲಕ್ಕೆ ಕೀಳುತ್ತಾರೆ. ಗಟ್ಟಿ ನೆಲದ ಮೇಲೂ ಕೀಳುತ್ತಾರೆ. ಭಾಷೆ ಬಿಟ್ಟಿದ್ದರು, ಹೆಸರು ಬಿಟ್ಟಿದ್ದರು. ಯಾರ ನಡಿಗೆಯೂ ಅವರವರ ಕಣ್ಣಿಗೆ ಬೀಳುವುದಿಲ್ಲ, ಅದನ್ನು ಬಿಡಬೇಕು ಅಂತ ಅವರಿಗೆ ಹೊಳೆದೇ ಇರಲಿಲ್ಲ.

"ಇದನ್ನ ನನಗ್ಯಾಕೆ ಹೇಳ್ಲಿಲ್ಲ?" ಭಾವ ಕೇಳಿದರು.

"ನಿಮಗೆ ಗೊತ್ತು ಅಂದ್ಕೊಂಡಿದ್ದೆ ಅಣ್ಣಾ. ನೀವೂ ನಗ್ತಿದ್ರಲ್ಲ."

ಭಾವ ಬಾಗಿಲು ದಾಟಿದರು. ಗೇಟಿನ ಕಡೆ ಹೋಗುವಾಗ ಕಾಲನ್ನು ನೆಲಕ್ಕೆ ಉಜ್ಜಿ ಎಳೆದುಕೊಂಡು ನಡೆಯಲು ನೋಡಿದರು. ಎರಡು ಹೆಜ್ಜೆಗೆ ಮುಗ್ಗರಿಸಿದರು. ಕಂಬ ಹಿಡಿದುಕೊಂಡು, ಯಾರಾದರೂ ನೋಡಿದರೇ ಅಂತ ಸುತ್ತ ನೋಡಿದರು. ನಾನು ನೋಡದವಳ ಹಾಗೆ ಕೌಂಟರಿಗೆ ಹೋದೆ. ಅವತ್ತು ಬಿಡುವಿನಲ್ಲಿ ಕೆಸರಣ್ಣ ಮಂಡಿ ಎತ್ತಲಿಲ್ಲ, ಸುಮ್ಮನೆ ಎಲ್ಲರ ಹಾಗೆ ನಡೆದ. ಗ್ಯಾಲರಿ ಹೋ ಅಂತ ಬೈದು ನೀರಿನ ಬಾಟಲಿ ಎಸೆಯಿತು.

ಸಂಜೆ ನಾನು ಅವರ ಜೊತೆಯಲ್ಲೇ ಮನೆಗೆ ಹೋದೆ. ಭಾವ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕನನ್ನು ಕೇಳಿದರು, "ನಿನಗೂ ಗೊತ್ತಿತ್ತಾ, ಆ ಗೊಂಬೆ ನಾನು ಅಂತ?"

ಅಕ್ಕ ಒಲೆ ಆರಿಸಿದಳು. "ನಾನ್ಯಾಕೆ ಮೈದಾನಕ್ಕೆ ಬರೋದು ಬಿಟ್ಟೆ ಅಂತ ಅಂದ್ಕೊಂಡಿದ್ರಿ?"

"ಗೇಟು ಕಾಯೋನ ಹೆಂಡತಿ ಅನ್ನಿಸ್ಕೊಳ್ಳೋಕೆ ನಾಚಿಕೆ ಅಂತ."

"ಅದೂ ಅನುಮಾನಾನೇ." ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಗೊಂಬೆ ನಿಮ್ಮ ಹಾಗೆ ಕುಣಿಯೋದು ನೋಡಿ ಊರೆಲ್ಲ ನಗ್ತಿತ್ತು. ನೀವು ಅವರ ಜೊತೆ ಸೇರ್ಕೊಂಡು ನಗ್ತಿದ್ರಿ. ನನ್ನ ಕೈಲಿ ನೋಡೋಕಾಗ್ಲಿಲ್ಲ. ಹೇಳಿದ್ರೆ ಮಾರನೇ ದಿನ ಆ ಗೇಟಲ್ಲಿ ನಿಲ್ತಿದ್ರಾ ನೀವು?"

ಭಾವ ಹಜಾರದ ಬೆಂಚಿನ ಮೇಲಿದ್ದ ದಿಂಬನ್ನು ಎತ್ತಿಕೊಂಡು ಒಳಗೆ ಹೋದರು. ಕ್ಷಮೆ ಕೇಳುವುದು ಅವರಿಗೆ ಗೊತ್ತಿದ್ದದ್ದು ಅಷ್ಟೇ.

ಭಾನುವಾರ ಕ್ಲಬ್ಬಿನ ಸಭಾಂಗಣ ಕಿಕ್ಕಿರಿದಿತ್ತು. ಅಕ್ಕನೂ ಬಂದಿದ್ದಳು, ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದಳು. ಮಂಡಿ ನೋವಿನ ಮುದುಕರು ಮತ್ತೆ ಹಲ್ಲಿನ ಕಥೆ ಹೇಳಿದರು. ಲೆಕ್ಚರರ್ ಹುಡುಗಿ ದನಿ ಏರಿಸದೆ ಮಾತಾಡಿದಳು. "ನಿಮಗೆ ಗೌರವ ಅನ್ನಿಸೋದು ಸುಳ್ಳು ಅಂತ ನಾನು ಹೇಳಲ್ಲ. ಆದರೆ ನಮ್ಮಜ್ಜಿಯನ್ನ ಈ ಹೆಸರು ಕೂಗಿಯೇ ಬಸ್ಸಿನಿಂದ ಇಳಿಸಿದ್ದು" ಅಂದಳು. ಯಾರೋ, "ಅದು ಆಗಿನ ಕಾಲ" ಅಂತ ಕೂಗಿದರು. ಮ್ಯಾನೇಜರು ಕೈಯೆತ್ತಿ ಸುಮ್ಮನಿರಿಸಿ, "ಜೌಗಿನವರೇ ಆದ ನಮ್ಮ ಎರಡನೇ ಗೇಟು ಈಗ ಮಾತಾಡ್ತಾರೆ" ಅಂದರು.

ಭಾವ ಎದ್ದರು. ಕೂತ ಜಾಗದಿಂದ ವೇದಿಕೆಗೆ ಜಾಸ್ತಿ ದೂರವಿರಲಿಲ್ಲ. ಆದರೆ ಅವರು ಹೋಗಲಿಲ್ಲ, ಇದ್ದಲ್ಲೇ ನಿಂತರು. ಯಾಕೆ ಅಂತ ನನಗೂ ಅಕ್ಕನಿಗೂ ಗೊತ್ತಿತ್ತು.

"ಭಾಷಣ ನನಗೆ ಬರಲ್ಲ. ಒಂದು ಪ್ರಶ್ನೆ ಕೇಳ್ತೀನಿ," ಅಂದರು. "ನಾನು ಯಾರು ಅಂತ ಇವತ್ತಿಗೆ ಮುಂಚೆ ಯಾರ್ಯಾರಿಗೆ ಗೊತ್ತಿತ್ತು? ಸುಮ್ಮನೆ ಕೈಯೆತ್ತಿ. ನಾನೇನೂ ಅನ್ನಲ್ಲ."

ಯಾರೂ ಅಲುಗಲಿಲ್ಲ. ಆಮೇಲೆ ನಲ್ಲಿಯವನು ಎತ್ತಿದ. ಕ್ಷೌರದವನು ಎತ್ತಿದ. ಮಂಡಿ ನೋವಿನ ಮುದುಕರು ತಲೆ ತಗ್ಗಿಸಿಕೊಂಡೇ ಎತ್ತಿದರು. ಒಬ್ಬರನ್ನು ನೋಡಿ ಒಬ್ಬರು, ಸಾಲಿಗೆ ಸಾಲೇ ಎತ್ತಿತು. ಗೇಟಿನಲ್ಲಿ ಅವರು ಚೀಲ ತಡವಿ ಒಳಗೆ ಬಿಟ್ಟ ಜನವೆಲ್ಲ ಅದು. ಮನೆಯವರಾದ ನಮ್ಮಿಬ್ಬರನ್ನು ಬಿಟ್ಟರೆ ಕೈಯೆತ್ತದೆ ಕೂತಿದ್ದವಳು ಲೆಕ್ಚರರ್ ಹುಡುಗಿ ಒಬ್ಬಳೇ. ಅವಳು ಭಾವನನ್ನು ಬೆರಗಾಗಿ ನೋಡುತ್ತಿದ್ದಳು. ಊರೆಲ್ಲ ಗುರುತು ಹಿಡಿದದ್ದು ಅವಳ ಕಣ್ಣಿಗೆ ಬರೀ ನಡಿಗೆ. ಅವಳ ಮನೆಯಲ್ಲಿ ಎಲ್ಲರೂ ಹಾಗೇ ನಡೆಯುತ್ತಾರೆ, ಅದರಲ್ಲಿ ಗುರುತು ಹಿಡಿಯುವುದಕ್ಕೆ ಏನಿದೆ?

"ಕೈ ಇಳಿಸಬೇಡಿ," ಭಾವ ಅಂದರು. "ಆ ಗೊಂಬೆ ನಡೆದಾಗ ನಗದೇ ಇದ್ದವರು ಮಾತ್ರ ಇಳಿಸಿ."

ಒಂದು ಕೈಯೂ ಇಳಿಯಲಿಲ್ಲ. ಭಾವ ಆ ಕೈಗಳನ್ನೆಲ್ಲ ಒಂದು ಸುತ್ತು ನೋಡಿ, ನಿಧಾನವಾಗಿ ತಮ್ಮ ಕೈಯನ್ನೂ ಎತ್ತಿದರು. "ನಾನೂ ನಕ್ಕಿದ್ದೀನಿ. ನಿಮಗಿಂತ ಜಾಸ್ತಿ ನಕ್ಕಿದ್ದೀನಿ. ಇದು ಅವಮಾನವೋ ಅಲ್ಲವೋ ನೀವೇ ತೀರ್ಮಾನ ಮಾಡ್ಕೊಳ್ಳಿ" ಅಂತ ಹೇಳಿ ಕೂತುಬಿಟ್ಟರು.

ಚಪ್ಪಾಳೆ ಬೀಳಲಿಲ್ಲ. ಕೈಗಳು ಒಂದೊಂದಾಗಿ ಇಳಿದವು. ಆ ತಿಂಗಳು ಮುಗಿಯುವುದರೊಳಗೆ ಕ್ಲಬ್ಬು ಹೆಸರು ಬದಲಿಸಿತು, ಕೆಸರಣ್ಣನ ತಲೆಯನ್ನು ಮೊಳೆಯಿಂದ ಇಳಿಸಿ ಎಲ್ಲಿಗೋ ಸಾಗಿಸಿತು. ಮುದುಕರು ಈಗಲೂ ಹಳೆಯ ಅಂಗಿ ಹಾಕಿಕೊಂಡೇ ಬರುತ್ತಾರೆ. ಬೈದುಕೊಂಡೇ ಟೀ ಕುಡಿಯುತ್ತಾರೆ. ಆದರೆ ಎರಡನೇ ಗೇಟಿನಿಂದ ಬರುವುದಿಲ್ಲ, ಸುತ್ತು ಹಾಕಿ ಒಂದನೇ ಗೇಟಿನಿಂದ ಬರುತ್ತಾರೆ.

ಭಾವ ಗೇಟಿನಲ್ಲೇ ಇದ್ದಾರೆ. ಆದರೆ ಅವರಿಗೆ ಹೊಸದೊಂದು ಅನುಮಾನ ಹತ್ತಿಕೊಂಡಿದೆ, ಇದಕ್ಕೆ ಮದ್ದು ಕಾಣೆ. ರಸ್ತೆಯಲ್ಲಿ ಹಿಂದೆ ಯಾರದಾದರೂ ಹೆಜ್ಜೆ ಸದ್ದು ಕೇಳಿದರೆ ನಿಂತುಬಿಡುತ್ತಾರೆ. ಚಪ್ಪಲಿ ಸರಿಮಾಡಿಕೊಳ್ಳುತ್ತಾರೆ, ಜೇಬು ತಡಕುತ್ತಾರೆ, ಹಿಂದಿನವರು ಮುಂದೆ ಹೋಗುವ ತನಕ ಒಂದು ಹೆಜ್ಜೆ ಕೀಳುವುದಿಲ್ಲ. ಕೆಲಸಕ್ಕೆ ತಡವಾಗಿ ಬರತೊಡಗಿದರು. ಎಷ್ಟೋ ಹೊತ್ತು ಗೋಡೆಗೆ ಆತು ನಿಂತಿರುತ್ತಿದ್ದರಂತೆ, ಶಾಲೆಯ ಮಕ್ಕಳು ದಾಟಿ ಹೋಗಲಿ ಅಂತ.

ಅಕ್ಕನಿಗೆ ಇದು ಗೊತ್ತಾದದ್ದು ಹೇಗೋ ಕಾಣೆ. ಒಂದು ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕಿ, ತಾನೇ ಎರಡು ಸಲ ಜಗ್ಗಿ ನೋಡಿ, ಅವರ ಜೊತೆ ಹೊರಟಳು. ಈಗ ಪ್ರತಿದಿನ ಬರುತ್ತಾಳೆ. ಪಕ್ಕದಲ್ಲಿ ನಡೆಯುವುದಿಲ್ಲ, ಬೇಕೆಂದೇ ಒಂದಿಷ್ಟು ಹಿಂದೆ ಉಳಿಯುತ್ತಾಳೆ. ಭಾವ ನಿಂತು ತಿರುಗಿ ನೋಡಿದರೆ ಕೈಬೀಸಿ ಗದರುತ್ತಾಳೆ:

"ಹಿಂದೆ ಇರೋಳು ನಾನು ಕಣ್ರೀ. ನಡೀರಿ."